ಇಂದಿನ ಧಮ್ಮ ಚಿಂತನೆ: ಗಾಯ ಒಣಗಲಿ, ಆಮೇಲೆ ನೆಡೋಣ



ಧಮ್ಮ ಬಂಧುಗಳೇ,

ನಮ್ಮ ಮನೆಯ ವರಾಂಡದಲ್ಲಿ ಒಂದು ಜೇಡ್ ಗಿಡ ಇದೆ. ದಪ್ಪ ಎಲೆಯಲ್ಲಿ ನೀರು ತುಂಬಿಟ್ಟುಕೊಳ್ಳುವ ಜಾತಿ, ಮೂಲ ದಕ್ಷಿಣ ಆಫ್ರಿಕಾ. ನರ್ಸರಿಯಿಂದ ತಂದಾಗ ಗೇಣುದ್ದ ಇತ್ತು. ನೆರಳಲ್ಲೇ ಇಟ್ಟಿದ್ದರಿಂದ ಬೆಳಕು ಹುಡುಕಿಕೊಂಡು ಉದ್ದುದ್ದ ಬೆಳೆಯಿತು. ಎಲೆ ವಿರಳವಾಯಿತು, ಕೊಂಬೆ ಭಾರಕ್ಕೆ ಬಾಗಿ ಕುಂಡವೇ ಒಂದು ಕಡೆಗೆ ವಾಲಿತು.

ಎರಡು ವರ್ಷದ ಹಿಂದೆ ಒಂದು ಭಾನುವಾರ ಕತ್ತರಿ ಹಿಡಿದು ಕೂತೆ. ಅರ್ಧಕ್ಕಿಂತ ಹೆಚ್ಚು ಕತ್ತರಿಸಿದೆ. ತುಂಡುಗಳನ್ನು ಆಗಲೇ ಒದ್ದೆ ಮಣ್ಣಿಗೆ ಚುಚ್ಚಿ, ಮೇಲೆ ಒಂದು ಚೊಂಬು ನೀರನ್ನೂ ಹಾಕಿದೆ. ಕೆಲವೇ ದಿನಗಳಲ್ಲಿ ಬುಡ ಕಪ್ಪಾಗಿ, ಮೆತ್ತಗಾಗಿ ಎಲ್ಲವೂ ಕೊಳೆತುಹೋದವು. ಒಂದೂ ಉಳಿಯಲಿಲ್ಲ.

ಅವ್ವ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. "ಗಾಯ ಹಸಿ ಇರುವಾಗ್ಲೇ ನೆಟ್ಯಲ್ಲ ಮಗ, ಕೊಳೀದೆ ಇನ್ನೇನ್ ಆಯ್ತದೆ? ಕಳ್ಳಿ ಬೇಲಿ ಹಾಕೋರು ಏನ್ ಮಾಡ್ತಾರೆ ಗೊತ್ತಾ? ಕಡ್ದು, ಹಾಲು ಬತ್ತೋ ಗಂಟ ನೆಳ್ಳಲ್ಲಿ ಹಾಕಿರ್ತಾರೆ. ಆಮ್ಯಾಲೆ ನೆಡೋದು" ಅಂದಳು.

ಅವ್ವನಿಗೆ ಅಕ್ಷರ ಬಾರದು. ಆದರೆ ಅವತ್ತು ಪಾಠ ಹೇಳಿದವಳು ಅವಳು. ಆ ಮಾತು ಗಿಡಕ್ಕಷ್ಟೇ ಹೇಳಿದ್ದಲ್ಲ ಅಂತ ನನಗೆ ಅನ್ನಿಸಿತು.

ಯಾಕೆಂದರೆ, ನಾವು ದೀಕ್ಷೆ ತೆಗೆದುಕೊಂಡ ಮರುದಿನವೇ ನಾನು ಗೋಡೆಯ ಮೇಲಿನ ದೇವರ ಪಟಗಳನ್ನೆಲ್ಲ ಇಳಿಸಿ, ಅವ್ವ ಏಳುವ ಮೊದಲೇ ಕೆರೆಗೆ ಹಾಕಿ ಬಂದಿದ್ದೆ. ಅದರಲ್ಲಿ ಮಾದಪ್ಪನ ಪಟವೂ ಇತ್ತು. ಮದುವೆಯಾದ ಹೊಸತರಲ್ಲಿ ಅಪ್ಪನ ಜೊತೆ ಬೆಟ್ಟಕ್ಕೆ ನಡೆದುಹೋದಾಗ ಅವಳು ತಂದದ್ದು. ಅಪ್ಪ ಈಗಿಲ್ಲ. ಅವ್ವ ನನ್ನನ್ನು ಬೈಯಲಿಲ್ಲ. ಎರಡು ದಿನ ಗೋಡೆಯಲ್ಲಿ ಉಳಿದಿದ್ದ ಬಿಳಿ ಗುರುತನ್ನೇ ನೋಡುತ್ತಾ ಕೂತಿದ್ದಳು. ಅದೇ ವಾರ ಅವಳನ್ನು ವಿಹಾರಕ್ಕೆ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ತಿಸರಣ ಹೇಳುವಾಗ ಅವಳ ತುಟಿ ಅಲ್ಲಾಡಲಿಲ್ಲ. "ಅವ್ವ ಬದಲಾಗಲ್ಲ" ಅಂತ ನಿಮ್ಮಲ್ಲೇ ಕೆಲವರ ಹತ್ತಿರ ದೂರಿದ್ದೆ.

ಬಂಧುಗಳೇ, ಕತ್ತರಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ರಾಜಿ ಇಲ್ಲ. ಬೆಳಕಿಲ್ಲದ ಕಡೆ ಬೆಳೆದ ಕೊಂಬೆಯನ್ನು ಹಾಗೇ ಬಿಟ್ಟರೆ ಅದು ಗಿಡವನ್ನೇ ಉರುಳಿಸುತ್ತದೆ. ನನ್ನ ತಪ್ಪು ಬೇರೆ. ಅವಳು ತಾನೇ ಬಿಡಬೇಕಾದದ್ದನ್ನು ಅವಳು ಮಲಗಿದ್ದಾಗ ನಾನು ಕತ್ತರಿಸಿದೆ. ಆ ಗಾಯ ಹಸಿಯಾಗಿರುವಾಗಲೇ, ಇವತ್ತೇ ಬೇರು ಬಿಡು ಅಂತ ಹಟ ಹಿಡಿದೆ.

ಬಾಬಾಸಾಹೇಬರನ್ನು ನೋಡಿ. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಕತ್ತರಿಸಿದ್ದು ಅವತ್ತು. ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಆ 21 ವರ್ಷ ಅವರೇನು ಸುಮ್ಮನೆ ಕೂತಿದ್ದರೇ? ಬೇರೆ ಬೇರೆ ಧರ್ಮಗಳನ್ನು ತೂಗಿ ನೋಡಿದರು, ಸಂವಿಧಾನ ಬರೆದರು, 1950ರಲ್ಲಿ ಶ್ರೀಲಂಕಾಕ್ಕೆ, 1954ರಲ್ಲಿ ಬರ್ಮಾಕ್ಕೆ ಹೋಗಿ ಬಂದರು, 'ಬುದ್ಧ ಮತ್ತು ಆತನ ಧಮ್ಮ' ಬರೆದರು. ಆಮೇಲೆ ಲಕ್ಷಾಂತರ ಜನರನ್ನು ಜೊತೆಗೆ ಕರೆದುಕೊಂಡು ಬುದ್ಧನಿಗೆ ಶರಣು ಹೋದರು. ಅಂಥವರೇ 21 ವರ್ಷ ತೆಗೆದುಕೊಂಡರು. ನಾನು ನನ್ನ ಅವ್ವನಿಗೆ ಒಂದು ವಾರವನ್ನೂ ಕೊಡಲಿಲ್ಲ.

ಹತ್ತು ಪಾರಮಿಗಳಲ್ಲಿ ಖಂತಿ ಒಂದು. ತಾಳ್ಮೆ ಅಂತ ಅದರ ಅರ್ಥ. ಖಂತಿ ಎಂದರೆ ಕೈಕಟ್ಟಿ ಕೂರುವುದಲ್ಲ ಎಂದು ಈ ಬೇಸಿಗೆಯಲ್ಲಿ ಆ ಗಿಡದಿಂದಲೇ ತಿಳಿಯಿತು. ಈ ಸಲ ಅವ್ವ ಹೇಳಿದ ಹಾಗೇ ಮಾಡಿದೆ. ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದೆ. ಇಡೀ ಗಿಡದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಲಿಲ್ಲ. ನಾಲ್ಕು ಬೆರಳುದ್ದದ ಎಂಟು ತುಂಡುಗಳ ಬುಡದ ಎಲೆ ಬಿಡಿಸಿ, ಪೇಪರ್ ಮೇಲೆ ನೆರಳಲ್ಲಿ ಒಂದು ವಾರ ಇಟ್ಟೆ. ಕೊಯ್ದ ಜಾಗ ಒಣಗಿ ಗಟ್ಟಿ ಪೊರೆ ಕಟ್ಟಿತು. ಆಮೇಲೆ ಅರ್ಧ ಮಣ್ಣು, ಅರ್ಧ ಮರಳಲ್ಲಿ ನೆಟ್ಟು, ನಾಲ್ಕೈದು ದಿನ ನೀರು ಮುಟ್ಟಿಸಲಿಲ್ಲ. ಆ ತುಂಡಿಗೆ ಬೇಕಾದ ನೀರು ಅದರ ಎಲೆಯಲ್ಲೇ ಇರುತ್ತದೆ. ನಾವು ನಂಬಬೇಕು ಅಷ್ಟೆ. ತಿಂಗಳಾಗುವಷ್ಟರಲ್ಲಿ ಏಳು ಬೇರು ಬಿಟ್ಟವು. ತಾಯಿ ಗಿಡವನ್ನು ಬೆಳಕಿಗೆ ಸರಿಸಿದೆ. ಕತ್ತರಿಸಿದ ಕಡೆಯಲ್ಲೆಲ್ಲ ಎರಡೆರಡು ಚಿಗುರು ಬಂದಿವೆ.

ನಡುವೆ ಒಂದು ದಿನ ಅವ್ವನ ಹತ್ತಿರ ಕೂತು, "ಆವತ್ತು ನಿನ್ನ ಕೇಳದೆ ಪಟ ತಗ್ದಿದ್ದು ತಪ್ಪಾಯ್ತವ್ವ" ಅಂದೆ. ಅವಳು ಗಿಡದ ಕಡೆ ನೋಡಿ, "ಹೋಗ್ಲಿ ಬುಡು" ಅಂದಳು. ಅಷ್ಟೇ.

ಈಗ ಭಾನುವಾರ ಕರೆಯದಿದ್ದರೂ ವಿಹಾರಕ್ಕೆ ಬರುತ್ತಾಳೆ. ಹಿಂದಿನ ಸಾಲಿನಲ್ಲಿ, ಕಂಬಕ್ಕೆ ಒರಗಿ ಕೂರುತ್ತಾಳೆ. ಬುದ್ಧಂ ಸರಣಂ ಗಚ್ಛಾಮಿ ಅನ್ನುವಾಗ ಅವಳ ದನಿ ಕೇಳುತ್ತದೆ. ಅವಳ ಟ್ರಂಕಿನಲ್ಲಿ ಇನ್ನೂ ಏನೋ ಬಟ್ಟೆಯಲ್ಲಿ ಸುತ್ತಿಟ್ಟಿರುವುದು ನನಗೆ ಗೊತ್ತು. ನಾನು ಆ ಟ್ರಂಕು ತೆರೆಯುವುದಿಲ್ಲ. ಧಮ್ಮಕ್ಕೆ 'ಏಹಿಪಸ್ಸಿಕೋ' ಎಂಬ ಹೆಸರಿದೆ, ಬಂದು ನೋಡು ಎಂದು ಕರೆಯುವಂಥದ್ದು. ಎಳೆದು ತಂದು ತೋರಿಸುವಂಥದ್ದಲ್ಲ.

ಇವತ್ತು ನಮ್ಮ ನಮ್ಮ ಮನೆಯಲ್ಲಿ ನೋಡೋಣ. ನಮ್ಮ ಅವಸರದಿಂದ ಯಾರ ಗಾಯ ಇನ್ನೂ ಹಸಿಯಾಗಿದೆ? ಅವರ ಹತ್ತಿರ ಹತ್ತು ನಿಮಿಷ ಕೂರೋಣ. ಉಪದೇಶ ಬೇಡ.

ಬೇರು ಬಿಟ್ಟ ಏಳು ಗಿಡಗಳನ್ನು ಭಾನುವಾರ ವಿಹಾರಕ್ಕೆ ತರುತ್ತೇನೆ. ಬೇಕಾದವರು ಒಂದೊಂದು ಒಯ್ಯಿರಿ. ಬೆಳಕಲ್ಲಿಡಿ, ನೀರು ಕಡಿಮೆ ಹಾಕಿ.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ. ಜೈ ಭೀಮ್ 💙