ಭುಜದ ಮಾತು

ಪೀಣ್ಯದ ಸಣ್ಣ ವರ್ಕ್‌ಶಾಪೊಂದರಲ್ಲಿ ಅಪ್ಪ ಮಿಲ್ಲಿಂಗ್ ಮಷಿನ್ ನಡೆಸುತ್ತಾರೆ. ಭಾರವಾದ ಟೇಬಲ್ಲನ್ನು ಮೇಲೆತ್ತಲು ಹ್ಯಾಂಡಲ್ ತಿರುಗಿಸುತ್ತಲೇ ಇರಬೇಕು. ಕಳೆದ ವರ್ಷ ಅವರು ಹ್ಯಾಂಡಲ್ ಕಳಚಿ, ಆ ಜಾಗಕ್ಕೆ ಅಡಾಪ್ಟರ್ ಕೂರಿಸಿ, ಕಾರ್ಡ್‌ಲೆಸ್ ಡ್ರಿಲ್‌ನಿಂದ ತಿರುಗಿಸತೊಡಗಿದರು.

ದುಡಿಮೆಯ ಘನತೆಯ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನನಗೆ ಕಸಿವಿಸಿಯಾಯಿತು. "ಕೈಗೆ ಗೊತ್ತಿದ್ದದ್ದು ಮರೆತುಹೋಗಲ್ವಾ ಅಪ್ಪ?" ಎಂದೆ.

"ಕೈಗೇನು ಗೊತ್ತೋ ಕಾಣೆ. ನೋವಂತೂ ಈ ಭುಜಕ್ಕೆ ಗೊತ್ತು," ಅಂದರು.

ಆಮೇಲೆ ಗಮನಿಸಿದೆ. ದೂರ ಸರಿಸುವುದಕ್ಕಷ್ಟೇ ಡ್ರಿಲ್. ಕಟರ್ ಲೋಹದ ಹತ್ತಿರ ಬಂದಾಗ ಹ್ಯಾಂಡಲ್ ಮರಳಿ ಬರುತ್ತದೆ. ಡಯಲ್ ನೋಡುತ್ತ, ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದಲ್ಲಿ ಕೈಯೇ ತಿರುಗಿಸುತ್ತದೆ.

ಯಂತ್ರಗಳನ್ನು ಅನುಮಾನಿಸಿದ ಗಾಂಧೀಜಿಯೂ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು: ಹೆಂಡತಿಯ ದಣಿವು ಕಂಡ ಪ್ರೀತಿಯಿಂದ ಅದು ಹುಟ್ಟಿತೆಂದು ಅವರು ನಂಬಿದ್ದರು. ಹಾಗಾದರೆ ಕೇಳಬೇಕಾದದ್ದು, ಯಂತ್ರ ಬೇಕೋ ಬೇಡವೋ ಎಂದಲ್ಲ. ಯಾರ ದಣಿವು ತಗ್ಗಿತು, ಉಳಿದ ಹೊತ್ತು ಯಾರ ಪಾಲಾಯಿತು ಎಂದು. ಆ ಹೊತ್ತಿನಲ್ಲಿ ಮಾಲೀಕರು ಇನ್ನೆರಡು ಜಾಬ್ ಹೇರಿದರೆ, ಡ್ರಿಲ್ ಕೂಡ ನೊಗವೇ.

ನಾನು ಘನತೆ ಎಂದು ಬರೆದದ್ದರಲ್ಲಿ ಒಂದಷ್ಟು ಬರೀ ಭಾರ. ಎಷ್ಟು ಎಂದು ಹೇಳಬೇಕಾದವರು ಹೊತ್ತವರು. ಆ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ.