ಯಾವುದನ್ನು ಒಂದು ಎನ್ನುವುದು?

ಲೆಕ್ಕ ಬರೆಯುವವನಿಗೆ ತತ್ತ್ವಶಾಸ್ತ್ರದ ಗೊಡವೆ ಯಾಕೆ ಎಂದು ಗೆಳೆಯರು ತಮಾಷೆ ಮಾಡುತ್ತಾರೆ. ಆದರೆ ನಮ್ಮ ವೃತ್ತಿಯಲ್ಲಿ ಮೇಲಿಂದ ಮೇಲೆ ಎದುರಾಗುವ ಒಂದು ಪ್ರಶ್ನೆ ಅಪ್ಪಟ ತತ್ತ್ವಶಾಸ್ತ್ರದ್ದೇ. ಒಂದು ವಸ್ತುವಿನ ಭಾಗವನ್ನು ತೆಗೆದು ಬೇರೆ ಭಾಗ ಹಾಕಿದರೆ, ಆದದ್ದು ರಿಪೇರಿಯೋ, ಸುಧಾರಣೆಯೋ, ಇಲ್ಲ ಹೊಸ ವಸ್ತುವೇ ಬಂದಂತಾಯಿತೋ? ಉತ್ತರ ಬದಲಾದರೆ ಲಾಭ ಬದಲಾಗುತ್ತದೆ, ತೆರಿಗೆ ಬದಲಾಗುತ್ತದೆ. ಇದರ ಇನ್ನೊಂದು ಮುಖ ನನಗೆ ಕಂಡದ್ದು ಮಾತ್ರ ಕಚೇರಿಯಲ್ಲಲ್ಲ, ಒಂದು ಸೈಕಲ್ಲಿನಲ್ಲಿ.

ನಾನಿರುವುದು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ. ಊರಿನ ಹಳೆಯ ವ್ಯಾಪಾರದ ಬೀದಿ. ಎತ್ತರದ ಕಟ್ಟಡಗಳ ಹಿಂದಿನ ಓಣಿಗಳಲ್ಲಿ ಲಾಂಡ್ರಿ, ದರ್ಜಿ ಅಂಗಡಿ, ಇಲ್ಲಿಯವರು ಬಕಾಲ ಎನ್ನುವ ಕಿರಾಣಿ ಅಂಗಡಿ. ನೆಲವೆಲ್ಲ ಅಂಗೈಯಂತೆ ಚಪ್ಪಟೆ. ಇಂಥಲ್ಲಿ ಮನೆಯ ಬಾಲ್ಕನಿಯಲ್ಲಿ ಮುಂದೆಯೂ ಹಿಂದೆಯೂ ಸಸ್ಪೆನ್ಶನ್ ಇರುವ ಬೆಟ್ಟದ ಸೈಕಲ್ ಇಟ್ಟುಕೊಂಡವನನ್ನು ನೋಡಿ ನಗುವುದು ಸಹಜ. ಚಳಿಗಾಲದ ಶುಕ್ರವಾರ ಸಂಜೆ ಅಥವಾ ಶನಿವಾರ ನಸುಕಿನಲ್ಲಿ ಅದನ್ನು ಕಾರಿಗೆ ಬಿಗಿದು ಹತ್ತಾಕ್ಕೆ ಹೊರಡುತ್ತೇನೆ. ಎರಡು ಗಂಟೆಗೂ ಮೀರಿದ ದಾರಿ. ದುಬೈಗೆ ಸೇರಿದ ಹತ್ತಾ ಹಜರ್ ಬೆಟ್ಟಗಳ ನಡುವೆ ಇದೆ. ಅಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಕಷ್ಟಕ್ಕೆ ತಕ್ಕಂತೆ ಬಣ್ಣ ಕೊಟ್ಟ ಸೈಕಲ್ ಹಾದಿಗಳಿವೆ. ಬೆಟ್ಟದ ತುಂಬ ಚೂಪು ಕಲ್ಲು, ಸಡಿಲ ಜಲ್ಲಿ.

ಈ ಸೈಕಲ್ಲುಗಳ ವಿಶೇಷವೆಂದರೆ ಯಾವ ಭಾಗವನ್ನಾದರೂ ಬಿಚ್ಚಿ ಅದಕ್ಕಿಂತ ದುಬಾರಿಯದನ್ನು ಹಾಕಬಹುದು. ಟೈರು, ಬ್ರೇಕು, ಚಕ್ರ, ಫೋರ್ಕು, ಹ್ಯಾಂಡಲ್, ಸೀಟಿನ ಕಂಬ, ಪೆಡಲ್, ಯಾವುದಕ್ಕೂ ಕೊನೆಯಿಲ್ಲ. ನಾನೂ ಹಲವನ್ನು ಬದಲಾಯಿಸಿದ್ದೇನೆ. ಸೈಕಲ್ಲಿನ ಜೊತೆ ಬಂದ ಟೈರಿನ ಪಕ್ಕಗಳು ತೆಳು. ಹತ್ತಾದ ಕಲ್ಲಿಗೆ ಅವು ಸೀಳಿದ ಮೇಲೆ ದಪ್ಪ ಪಕ್ಕದ ಟೈರು ಬಂತು. ಉದ್ದದ ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿತ ಸಡಿಲವಾಗುತ್ತಿತ್ತು. ಎರಡು ಪಿಸ್ಟನ್ನಿನ ಬ್ರೇಕಿನ ಬದಲು ನಾಲ್ಕು ಪಿಸ್ಟನ್ನಿನದು, ಜೊತೆಗೆ ದೊಡ್ಡ ಡಿಸ್ಕು ಬಂತು. ಅಲ್ಲಿಗೆ ದಾರಿ ಕೇಳಿದ್ದು ಮುಗಿದಿತ್ತು. ಆಮೇಲೆ ನನ್ನ ಕಣ್ಣು ಕೇಳತೊಡಗಿತು. ಕಾರ್ಬನ್ ಚಕ್ರ ಚೆನ್ನಾಗಿರುತ್ತದಲ್ಲ? 140 ಮಿಲಿಮೀಟರಿನ ಫೋರ್ಕಿನ ಜಾಗದಲ್ಲಿ 160ರದ್ದು?

ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಸೈಕಲ್ ಮೆಕ್ಯಾನಿಕ್ ಇದ್ದಾರೆ. ಕಾಸರಗೋಡಿನ ಕಡೆಯವರು, ನನ್ನೊಡನೆ ಕನ್ನಡದಲ್ಲೇ ಮಾತು. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಬಕಾಲದ ಸಾಮಾನು ಮನೆಮನೆಗೆ ಮುಟ್ಟಿಸುವ ಹುಡುಗರು. ಫೋರ್ಕಿನ ವಿಷಯ ಕೇಳಲು ಹೋದಾಗ ಅವರು ಸೈಕಲ್ಲನ್ನು ಒಮ್ಮೆ ಅದುಮಿ ನೋಡಿದರು.

"ಎಂತ ಆಗಿದೆ ಸರ್ ಇದಕ್ಕೆ?"

"ಏನೂ ಆಗಿಲ್ಲ."

"ಮತ್ತೆ ಬಿಚ್ಚುವುದು ಎಂತಕ್ಕೆ?"

ಅವರ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ಅವರ ಅಂಗಡಿಗೆ ಬರುವ ಸೈಕಲ್ಲುಗಳಿಗೆಲ್ಲ ಏನಾದರೊಂದು ಆಗಿಯೇ ಇರುತ್ತದೆ. ಏನೂ ಆಗದ ವಸ್ತುವಿನ ಭಾಗ ಬದಲಾಯಿಸುವುದು ಅವರಿಗೆ ಹೊಸ ಬಗೆಯ ಕೆಲಸ.

ಆ ಪ್ರಶ್ನೆಗೆ ಕೆಟ್ಟದ್ದನ್ನು ಮಾತ್ರ ಬದಲಾಯಿಸು ಎಂಬ ಸುಲಭದ ನೀತಿಪಾಠವೇ ಉತ್ತರವಾಗಲಾರದು. ಹಾಗೆ ನಡೆದಿದ್ದರೆ ಈ ಬಗೆಯ ಸೈಕಲ್ಲೇ ಹುಟ್ಟುತ್ತಿರಲಿಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕೆಲವು ಯುವಕರು 1930, 40ರ ಕಾಲದ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮೇಲಿಂದ ಓಡಿಸುತ್ತಿದ್ದರು. ಹಿಂದಿನ ಚಕ್ರದ ಗುಂಬದೊಳಗಿನ ಬ್ರೇಕು ಇಳಿಜಾರಿನಲ್ಲಿ ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಸಲ ಇಳಿದ ಮೇಲೂ ಹೊಸದಾಗಿ ಗ್ರೀಸು ತುಂಬಬೇಕು. ಹೀಗೆ ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ರೀಪ್ಯಾಕ್ ಎಂಬ ಮಾತೇ 1976ರಲ್ಲಿ ಶುರುವಾದ ಅವರ ಪಂದ್ಯದ ಹೆಸರಾಯಿತು. ಅವರು ಬೇರೆ ಬ್ರೇಕು ಹಾಕಿದರು, ಗೇರು ಸೇರಿಸಿದರು. ಕೊನೆಗೆ ಅವರಲ್ಲೊಬ್ಬರಾದ ಜೋ ಬ್ರೀಜ್ ಇದಕ್ಕೆಂದೇ ಹೊಸ ಫ್ರೇಮು ಕಟ್ಟಿದರು. ಮೌಂಟನ್ ಬೈಕ್ ಹುಟ್ಟಿದ್ದೇ ಭಾಗ ಬದಲಾಯಿಸುವ ಹಟದಿಂದ. ಆದ್ದರಿಂದ ಬದಲಾಯಿಸುವುದು ತಪ್ಪೋ ಸರಿಯೋ ಎಂದು ಕೇಳಿ ಪ್ರಯೋಜನವಿಲ್ಲ. ಯಾವುದರ ಸಲುವಾಗಿ ಎಂದು ಕೇಳಬೇಕು.

ಇಲ್ಲಿ ನನ್ನ ವೃತ್ತಿ ಸ್ವಲ್ಪ ನೆರವಿಗೆ ಬರುತ್ತದೆ. ಜಗತ್ತಿನ ಬಹುಪಾಲು ದೇಶಗಳ ಕಂಪನಿಗಳು ಯಂತ್ರ, ಕಟ್ಟಡಗಳ ಲೆಕ್ಕಕ್ಕೆ ಅನುಸರಿಸುವ ಐಎಎಸ್ 16 ಎಂಬ ಮಾನದಂಡವಿದೆ. ದಿನನಿತ್ಯದ ಸರ್ವಿಸಿನ ಖರ್ಚನ್ನು ಅದೇ ವರ್ಷದ ಖರ್ಚಿಗೆ ಹಾಕು ಎನ್ನುತ್ತದೆ ಅದು. ವಿಮಾನದ ದೇಹಕ್ಕೂ ಎಂಜಿನ್ನಿಗೂ ಬೇರೆ ಬೇರೆ ಸವಕಳಿ ಹಾಕುವುದು ಉಚಿತವಾಗಬಹುದು ಎನ್ನುತ್ತದೆ. ಹೊಸ ಭಾಗವನ್ನು ಆಸ್ತಿಯಾಗಿ ಸೇರಿಸಿದರೆ ತೆಗೆದ ಹಳೆಯ ಭಾಗದ ಉಳಿದ ಬೆಲೆಯನ್ನು ಪುಸ್ತಕದಿಂದ ಅಳಿಸು ಎನ್ನುತ್ತದೆ. ಇಷ್ಟೆಲ್ಲ ಹೇಳುವ ಅದು ಒಂದು ಕಡೆ ಮಾತ್ರ ಕೈ ಎತ್ತಿಬಿಡುತ್ತದೆ. ಯಾವುದನ್ನು 'ಒಂದು' ವಸ್ತು ಎಂದು ಎಣಿಸಬೇಕು ಎಂಬುದನ್ನು ತಾನು ವಿಧಿಸುವುದಿಲ್ಲ, ಅದಕ್ಕೆ ವಿವೇಚನೆ ಬೇಕು ಎಂದು ಸ್ಪಷ್ಟವಾಗಿಯೇ ಹೇಳುತ್ತದೆ. ಒಂದು ಯಾವುದೆಂದು ನಾವು ಹೇಳಿದ ಮೇಲಷ್ಟೇ ಅದರ ಲೆಕ್ಕ ಶುರು.

ನಾನು ದಾವಣಗೆರೆಯವನು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡು, ಆಮೇಲೆ ಹತ್ತಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ ಊರು. ಹಾಗಾಗಿ ನೂಲಿನ ಮಿಲ್ಲಿನ ಕೇಸು ಎಂದರೆ ನನಗೆ ಕಿವಿ ನೆಟ್ಟಗಾಗುತ್ತದೆ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಮಿಲ್ಲಿನವರು ಹಳೆಯ ರಿಂಗ್ ಫ್ರೇಮುಗಳನ್ನು ತೆಗೆದು ಹೊಸವನ್ನು ಹಾಕಿದ್ದರು. ಇಡೀ ಮಿಲ್ಲೇ ಒಂದು, ರಿಂಗ್ ಫ್ರೇಮು ಅದರ ಭಾಗ, ಆದ್ದರಿಂದ ಇದು ರಿಪೇರಿ ಎಂಬುದು ಅವರ ವಾದ. 2007ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಪ್ರತಿ ರಿಂಗ್ ಫ್ರೇಮೂ ತಾನೇ ಒಂದು ಯಂತ್ರ, ಅದನ್ನೇ ಬದಲಾಯಿಸಿದರೆ ಅದು ಚಾಲ್ತಿ ರಿಪೇರಿಯಲ್ಲ ಎಂದಿತು. ಎರಡೂ ಕಡೆಯವರ ಮುಂದಿದ್ದದ್ದು ಒಂದೇ ಮಿಲ್ಲು, ಅವೇ ಕದಿರುಗಳು. ಜಗಳವಿದ್ದದ್ದು ಯಾವುದನ್ನು ಒಂದು ಎನ್ನಬೇಕು ಎಂಬುದರ ಮೇಲೆ. ತೆರಿಗೆ ಉಳಿಯುವ ಕಡೆ ಗೆರೆ ಎಳೆಯುವುದು ಮನುಷ್ಯ ಸ್ವಭಾವ. ಅದಕ್ಕೇ ಗೆರೆ ಎಳೆಯುವ ಕೈಯನ್ನು ಗಮನಿಸಬೇಕು.

ಇದೇ ಪ್ರಶ್ನೆಯನ್ನು ಹಿಂದೆ ರಥವನ್ನು ಮುಂದಿಟ್ಟುಕೊಂಡು ಕೇಳಿದ್ದಾರೆ. ಪಾಲಿಯ ಮಿಲಿಂದಪಂಹದಲ್ಲಿ ಭಿಕ್ಷು ನಾಗಸೇನ ಗ್ರೀಕ್ ದೊರೆ ಮಿಲಿಂದನನ್ನು ಕೇಳುತ್ತಾನೆ: ನೀನು ಬಂದ ರಥ ಯಾವುದು? ಮೂಕಿಯೋ, ಅಚ್ಚೋ, ಗಾಲಿಯೋ? ಅಲ್ಲ. ಎಲ್ಲವೂ ಸೇರಿದ್ದೋ? ಅದಕ್ಕೂ ದೊರೆ ಅಲ್ಲ ಎನ್ನುತ್ತಾನೆ. ಭಾಗಗಳನ್ನು ಅವಲಂಬಿಸಿ ನಾವು ಇಟ್ಟುಕೊಂಡ ಹೆಸರು ರಥ, ಮನುಷ್ಯನೂ ಹಾಗೆಯೇ ಎಂಬಲ್ಲಿಗೆ ಮಾತು ಮುಟ್ಟುತ್ತದೆ. ಲೆಕ್ಕಿಗನಾದ ನನಗೆ ಇದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. 'ಒಂದು' ಎಂಬುದು ನಾವೇ ಇಡುವ ಹೆಸರಾದರೆ, ಅದರ ಜವಾಬ್ದಾರಿಯೂ ನಮ್ಮದೇ.

ಈಗ ಫೋರ್ಕಿನ ವಿಷಯಕ್ಕೆ ಬರುತ್ತೇನೆ. ಫೋರ್ಕು 20 ಮಿಲಿಮೀಟರ್ ಉದ್ದವಾದರೆ ಸೈಕಲ್ಲಿನ ಮುಂಭಾಗ ಏಳುತ್ತದೆ, ಹ್ಯಾಂಡಲಿನ ಕೋನ ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಕಡಿದಾದ ಇಳಿಜಾರಿನಲ್ಲಿ ಧೈರ್ಯ ಬರುತ್ತದೆ ನಿಜ. ಆದರೆ ಏರುವಾಗ ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ. ಫ್ರೇಮಿನ ಮೇಲೆ ಬೀಳುವ ಒತ್ತಡವೂ ಹೆಚ್ಚುತ್ತದೆ, ಅದಕ್ಕೇ ತಯಾರಕರು ಇಷ್ಟಕ್ಕಿಂತ ಉದ್ದದ ಫೋರ್ಕು ಬೇಡ ಎಂದು ಮಿತಿ ಹಾಕಿರುತ್ತಾರೆ. ಒಂದು ಭಾಗವಾಗಿ ಉತ್ತಮವಾದದ್ದು ಇಡೀ ಸೈಕಲ್ಲಿಗೆ ಉತ್ತಮವಾಗಬೇಕೆಂದಿಲ್ಲ.

ಇನ್ನೂ ಒಂದು ಸಂಗತಿಯಿದೆ. ಇಂಥ ಸೈಕಲ್ಲು ಅಂಗಡಿಯಲ್ಲಿ ಪೂರ್ಣವಾಗುವುದಿಲ್ಲ. ಸವಾರ ಮೇಲೆ ಕೂತಾಗ ಸಸ್ಪೆನ್ಶನ್ ತನ್ನ ಒಟ್ಟು ಚಲನೆಯ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದಷ್ಟು ಕುಗ್ಗಬೇಕು. ಇದಕ್ಕೆ ಸ್ಯಾಗ್ ಎನ್ನುತ್ತಾರೆ. ಅದಕ್ಕೆ ಎಷ್ಟು ಗಾಳಿ ಎಂಬುದು ಸವಾರನ ತೂಕದ ಮೇಲೆ ಹೋಗುತ್ತದೆ. ಅಂದರೆ ಯಂತ್ರವೇ ಸವಾರನನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿದೆ. ಸೈಕಲ್ಲು, ನಾನು, ಹತ್ತಾದ ಹಾದಿ, ಮೂರನ್ನೂ ಸೇರಿಸಿ 'ಒಂದು' ಎಂದುಕೊಂಡು ನೋಡಿದೆ. ಆಗ ಅತ್ಯಂತ ಹಿಂದುಳಿದ ಭಾಗ ಫೋರ್ಕಲ್ಲ ಎಂಬುದು ಸ್ಪಷ್ಟವಾಯಿತು. ತಿರುವಿನಲ್ಲಿ ಬಿಗಿಯಾಗುವ ನಲವತ್ತೈದರ ಭುಜ, ಬ್ರೇಕನ್ನು ಹೊತ್ತಿಗೆ ಮುಂಚೆ ಅದುಮುವ ಬೆರಳು ಅದಕ್ಕಿಂತ ಹಿಂದಿದ್ದವು. ಅವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಹಳೆಯ ಫೋರ್ಕಿಗೆ ಎಣ್ಣೆ, ಸೀಲು ಬದಲಾಯಿಸಿ ಸರ್ವಿಸ್ ಮಾಡಿಸಿದೆ. ನನ್ನ ಪುಸ್ತಕದಲ್ಲಿ ಅದು ಆ ವರ್ಷದ ಖರ್ಚು.

ಇದು ಸೈಕಲ್ಲಿಗೇ ಮುಗಿಯುವ ಮಾತಾಗಿದ್ದರೆ ಬರೆಯುತ್ತಿರಲಿಲ್ಲ. ಕೊಲ್ಲಿಯ ಕಚೇರಿಗಳಲ್ಲಿ ಅಪ್‌ಗ್ರೇಡ್ ಎಂಬ ಮಾತು ಮನುಷ್ಯರಿಗೂ ಅನ್ವಯಿಸುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ಹದಿನೆಂಟು ವರ್ಷ ಬಿಲ್ಲು ನೋಡಿದ ಗುಮಾಸ್ತರೊಬ್ಬರ ಜಾಗಕ್ಕೆ ಹೊಸ ಸಾಫ್ಟ್‌ವೇರು ಮತ್ತು ಅರ್ಧ ವಯಸ್ಸಿನ ಹುಡುಗನನ್ನು ತರುವ ಪ್ರಸ್ತಾವ ಬಂತು. ಗ್ರಾಚ್ಯುಟಿ ಲೆಕ್ಕ ಹಾಕುವುದು ನನ್ನ ಪಾಲಿಗೆ ಬಂತು. ಇಲ್ಲಿಯ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಕೂಡಿದರೆ ಒಂದು ಅಂಕಿ ಬರುತ್ತದೆ, ಆ ಅಂಕಿಯಲ್ಲಿ ತಪ್ಪಿಲ್ಲ. ಆದರೆ ಅದು ಅವರನ್ನು ಒಂದು ಬಿಡಿಭಾಗವೆಂದು ಮೊದಲೇ ಒಪ್ಪಿಕೊಂಡ ಅಂಕಿ. ಯಾವ ಸರಬರಾಜುದಾರ ಒಂದೇ ಬಿಲ್ಲನ್ನು ಎರಡು ಸಲ ಕಳಿಸುತ್ತಾನೆ, ಯಾರಿಗೆ ಫೋನ್ ಮಾಡಿದರೆ ಸಾಕು, ಯಾರಿಗೆ ಪತ್ರವೇ ಬೇಕು ಎಂಬುದೆಲ್ಲ ಅವರ ತಲೆಯಲ್ಲಿತ್ತು. ಅಂಕಿಯ ಕೆಳಗೆ ಇದನ್ನೂ ಒಂದು ಪುಟ ಬರೆದು ಕೊಟ್ಟೆ. ಓದಿದರು, ಆದರೂ ತಮ್ಮ ತೀರ್ಮಾನವನ್ನೇ ನಡೆಸಿದರು. ಗುಮಾಸ್ತರು ಊರಿಗೆ ಹೋದರು.

ಅವರು ಮಾಡಿದ್ದೇ ಅನ್ಯಾಯ ಎಂದು ನಾನು ಹೇಳಲಾರೆ. ಮುಳುಗುವ ಸಂಸ್ಥೆಯನ್ನು ಉಳಿಸಲು ಕೆಲವರನ್ನು ಕಳಿಸಲೇಬೇಕಾದ ಸಂದರ್ಭವೂ ಉಂಟು. ಸುಟ್ಟ ಬ್ರೇಕನ್ನು ಪ್ರೀತಿಯಿಂದ ಇಟ್ಟುಕೊಂಡವನು ಬೆಟ್ಟದಿಂದ ಬೀಳುತ್ತಾನೆ. ನನ್ನ ಆಕ್ಷೇಪ ಇಷ್ಟೇ. 'ಸಂಸ್ಥೆಯ ಒಳಿತಿಗೆ' ಎನ್ನುವಾಗ ಆ ಸಂಸ್ಥೆ ಎಂಬ ಒಂದರೊಳಗೆ ಯಾರ್ಯಾರಿದ್ದಾರೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಗೆರೆ ಎಲ್ಲಿ ಎಳೆದೆವು, ಅದರಿಂದ ಯಾರಿಗೆ ಏನು ಉಳಿಯಿತು ಎಂಬುದು ಕಾಗದದ ಮೇಲೆ ಕಾಣಬೇಕು. ರೆಸಿಡೆನ್ಸಿ ವೀಸಾದ ಮೇಲೆ ಬದುಕುವ ನಾವೆಲ್ಲ ಒಂದಲ್ಲ ಒಂದು ದಿನ ಆ ಗೆರೆಯ ಹೊರಗೆ ಬೀಳುವವರೇ.

ತೆಗೆದ ಭಾಗಗಳ ಗತಿ ಏನಾಯಿತೆಂದು ಓದುಗರು ಕೇಳಬಹುದು. ಹಳೆಯ ಪೆಡಲುಗಳನ್ನೂ ಸೀಳದೆ ಉಳಿದಿದ್ದ ಒಂದು ಟೈರನ್ನೂ ಮೆಕ್ಯಾನಿಕರಿಗೆ ಕೊಟ್ಟೆ. ಟೈರು ಇನ್ನೂ ಅವರ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿದೆ, ಆ ಅಳತೆಯ ಚಕ್ರ ಈ ಓಣಿಯಲ್ಲಿ ಯಾರಿಗೂ ಇಲ್ಲ. ಪೆಡಲುಗಳು ಮಾತ್ರ ಬಕಾಲದ ಹುಡುಗನೊಬ್ಬನ ಉಕ್ಕಿನ ಸೈಕಲ್ಲಿಗೆ ಸೇರಿದವು. ಅವನ ಹಳೆಯ ಪೆಡಲಿನಲ್ಲಿ ಒಂದು ಮುರಿದು ಬರೀ ಕಂಬಿ ಉಳಿದಿತ್ತಂತೆ. ನನ್ನ ಪುಸ್ತಕದಿಂದ ಅಳಿಸಿದ ವಸ್ತುವಿನ ಮೇಲೆ ಕಾಲೂರಿ ಅವನು ಈಗ ನಮ್ಮ ಮನೆಗೇ ನೀರಿನ ಬಾಟಲಿ ತರುತ್ತಾನೆ. ಅವನ ಸೈಕಲ್ಲಿಗೆ ಅದು ರಿಪೇರಿಯೋ ಸುಧಾರಣೆಯೋ ಎಂದು ಕೇಳಿದರೆ, ರಿಪೇರಿ ಎಂದೇ ಹೇಳುತ್ತೇನೆ. ಆ ಸೈಕಲ್ಲಿಗೆ ಏನೋ ಆಗಿತ್ತು.