ಯಾವ ಮನುಷ್ಯನದು?

ಸುರಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನನ್ನ ತಾಯಿ ಒಂದು ಸಂಜೆ ಕೇಳಿದ ಪ್ರಶ್ನೆ ಇದು. ಆಕೆಗೆ ಸಕ್ಕರೆಯ ಕಾಯಿಲೆ. ದಿನಕ್ಕೆರಡು ಹೊತ್ತು ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕು. ಬೇಸಗೆಯಲ್ಲಿ ವಿದ್ಯುತ್ತು ಹೋದರೆ ಆ ಪುಟ್ಟ ಸೀಸೆಯನ್ನು ನೀರಿನ ಗಡಿಗೆಗೆ ಒತ್ತಿಟ್ಟು ಕಾಪಾಡುವುದು ನಮ್ಮ ಮನೆಯ ನಿತ್ಯಕರ್ಮಗಳಲ್ಲೊಂದು. ಹಿಂದೆ ಈ ಔಷಧವನ್ನು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರೆಂದು ನೆರೆಯವರಾರೋ ಆಕೆಯ ಕಿವಿಗೆ ಹಾಕಿದ್ದರು. ನಾನು ಸಮಾಧಾನ ಹೇಳಹೋಗಿ, "ಈಗ ಹಾಗಿಲ್ಲವ್ವಾ, ಇದು ಮನುಷ್ಯರ ಇನ್ಸುಲಿನ್, ಸೀಸೆಯ ಮೇಲೇ ಬರೆದಿದೆ" ಎಂದೆ. ಆಕೆ ಸೂಜಿ ಚುಚ್ಚಿದ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು, "ಯಾವ ಮನಷ್ಯಾಂದಪಾ? ಅವಗ ಕೇಳಿ ತಗೊಂಡಾರೇನು?" ಎಂದಳು.

ಎಷ್ಟೋ ವರ್ಷಗಳಿಂದ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿರುವ ನನಗೆ ತತ್‌ಕ್ಷಣ ಉತ್ತರ ಹೊಳೆಯಲಿಲ್ಲ.

ಪ್ರಶ್ನೆಯ ಮೊದಲರ್ಧಕ್ಕೆ ವಿಜ್ಞಾನ ಉತ್ತರ ಕೊಡುತ್ತದೆ. ಇನ್ಸುಲಿನ್ ಎಂಬುದು 51 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಎರಡೆಳೆಯ ಸರ. ನಮ್ಮದಕ್ಕೂ ಹಂದಿಯದಕ್ಕೂ ಇರುವುದು ಒಂದೇ ಮಣಿಯ ವ್ಯತ್ಯಾಸ, ದನದ್ದಕ್ಕೆ ಮೂರು. ಮನುಷ್ಯನೆಂಬ ನಮ್ಮ ಹೆಮ್ಮೆಗೆ ಇದೊಂದು ಪಾಠವೆಂದರೂ ಸಲ್ಲುತ್ತದೆ. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಸರವನ್ನು ಪೋಣಿಸುವ ಸೂತ್ರವನ್ನು ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಯೊಳಗೆ ಸೇರಿಸಿ, ಅದರ ಕೈಯಿಂದಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದು ಅಲ್ಲಿ ಔಷಧವಾಗಿ ಮಾರಾಟಕ್ಕೆ ಬಂದಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ ಯೀಸ್ಟಿನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು 2004ರಲ್ಲಿ ಹೊರತಂದಿತು. ಎಂದರೆ, ಸೀಸೆಯ ಮೇಲಿನ 'ಮಾನವ' ಎಂಬ ಮಾತು ಒಬ್ಬ ವ್ಯಕ್ತಿಯನ್ನು ಹೇಳುವುದಿಲ್ಲ, ಒಂದು ಸೂತ್ರವನ್ನು ಹೇಳುತ್ತದೆ. ಅದು ಎಲ್ಲರದೂ ಹೌದು, ಯಾರೊಬ್ಬರದೂ ಅಲ್ಲ. ಇಷ್ಟನ್ನು ತಾಯಿಗೆ ವಿವರಿಸಿ, ಗೆದ್ದೆನೆಂದುಕೊಂಡೆ.

ಗೆಲವು ಬಹಳ ದಿನ ಉಳಿಯಲಿಲ್ಲ. ಶಹಾಪುರದಲ್ಲಿ ನನ್ನ ಕನ್ನಡ ತರಗತಿಯಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಈಗ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಕಳೆದ ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಆಕೆ ಕಿರುಬೆರಳ ತುದಿಯಷ್ಟಿದ್ದ ನಳಿಕೆಯೊಂದನ್ನು ಕೈಯಲ್ಲಿ ಹಿಡಿದು ತೋರಿಸಿದಳು. ತಳದಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ದ್ರವ. ಮೇಲೆ ಒಂದು ಚೀಟಿ. ಚೀಟಿಯಲ್ಲಿ ಮೂರು ಮಾತುಗಳಿದ್ದವು: ಇದು ಮಾನವ ಪ್ರೋಟೀನು, ಇದಕ್ಕೆ ಗುರುತಿನ ಬಾಲವೊಂದನ್ನು ಅಂಟಿಸಿದೆ, ಇದು ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಬಳಸತಕ್ಕದ್ದಲ್ಲ. ಮಾನವನದು, ಆದರೆ ಮಾನವನಿಗಲ್ಲ! ನಾನು ನಕ್ಕೆ. ಆಕೆ ನಗಲಿಲ್ಲ. ಔಷಧಕ್ಕೆ ಬೇಕಾದ ಪರೀಕ್ಷೆಗಳು ಇದಕ್ಕೆ ಆಗಿಲ್ಲ, ಆಗಿಲ್ಲವೆಂದು ಪ್ರಾಮಾಣಿಕವಾಗಿ ಹೇಳಿದ್ದಾರೆ, ಅಷ್ಟೆ ಎಂದಳು.

ಬಾಲದ ವಿಷಯ ನನಗೆ ಬಹು ಸ್ವಾರಸ್ಯವೆನಿಸಿತು. ಪ್ರೋಟೀನನ್ನು ಮಾಡಿದ ಜೀವಕೋಶವನ್ನು ಒಡೆದಾಗ ಅದರೊಳಗಿನ ಸಾವಿರಾರು ಬಗೆಯ ವಸ್ತುಗಳೆಲ್ಲ ಕಲಸಿ ಹೊರಬರುತ್ತವೆ. ಆ ಸಂತೆಯಲ್ಲಿ ನಮಗೆ ಬೇಕಾದವನನ್ನು ಗುರುತಿಸುವುದು ಹೇಗೆ? ಅದಕ್ಕಾಗಿ ಸರದ ತುದಿಗೆ ಹಿಸ್ಟಿಡಿನ್ ಎಂಬ ಒಂದೇ ಜಾತಿಯ ಆರು ಮಣಿಗಳನ್ನು ಮೊದಲೇ ಸೇರಿಸಿರುತ್ತಾರೆ. ನಿಕ್ಕಲ್ ಲೋಹವನ್ನು ಹೊತ್ತ ಕಣಗಳ ಮೇಲೆ ಆ ಕಲಸುಮೇಲೋಗರವನ್ನು ಹಾಯಿಸಿದರೆ ಬಾಲವುಳ್ಳದ್ದು ಅಂಟಿಕೊಳ್ಳುತ್ತದೆ, ಮಿಕ್ಕದ್ದು ಹರಿದುಹೋಗುತ್ತದೆ. ಕೆಲಸ ಮುಗಿದ ಮೇಲೆ ಕೆಲವರು ಬಾಲವನ್ನು ಕತ್ತರಿಸುತ್ತಾರೆ, ಕೆಲವರು ಇರಲೆಂದು ಬಿಡುತ್ತಾರೆ.

ಕನ್ನಡದ ಮೇಷ್ಟರಿಗೆ ಇದನ್ನು ಕೇಳಿ ಅಂಕಿತ ನೆನಪಾಗದಿದ್ದೀತೆ? ನಮ್ಮ ಸುರಪುರ ತಾಲೂಕಿನ ಮುದನೂರು ಜೇಡರ ದಾಸಿಮಯ್ಯನ ಊರು. ಓಲೆಗರಿಗಳ ರಾಶಿಯಲ್ಲಿ ಹಲವರ ವಚನಗಳು ಬೆರೆತುಬಂದರೂ, 'ರಾಮನಾಥ' ಎಂಬ ಅಂಕಿತ ಕಂಡೊಡನೆ ಇದು ಆ ನೇಕಾರನದೆಂದು ಬೇರ್ಪಡಿಸುತ್ತೇವೆ. ಆದರೆ ಎರಡಕ್ಕೂ ಒಂದು ಭೇದವುಂಟು. ಅಂಕಿತವನ್ನು ಇಟ್ಟವನು ಹೇಳಿದವನೇ. ತನ್ನ ಹೆಸರನ್ನು ಹಿಂದಿಟ್ಟು ತಾನು ನಂಬಿದ ದೈವದ ಹೆಸರನ್ನು ಮುಂದಿಟ್ಟವನು. ಪ್ರೋಟೀನಿನ ಬಾಲವನ್ನು ಅಂಟಿಸಿದವನು ಹಿಡಿಯುವವನು. ಅದು ಹೇಗೆ ಹಿಡಿಯಬೇಕೆಂಬುದನ್ನು ಹೇಳುತ್ತದೆಯೇ ಹೊರತು, ಯಾರಿಂದ ಬಂತೆಂಬುದನ್ನು ಹೇಳುವುದಿಲ್ಲ.

"ಯಾರಿಂದಲೂ ಬಂದಿಲ್ಲವಲ್ಲ, ಸೂತ್ರದಿಂದ ಬಂದಿದೆ" ಎಂದು ತಾಯಿಗೆ ಕೊಟ್ಟ ಉತ್ತರವನ್ನೇ ನಾನು ಒಪ್ಪಿಸಿದೆ. ಹುಡುಗಿ ತಲೆಯಲ್ಲಾಡಿಸಿದಳು. ಕೆಲವು ಪ್ರೋಟೀನುಗಳನ್ನು ಬ್ಯಾಕ್ಟೀರಿಯಾ ಸರಿಯಾಗಿ ಮಾಡಲಾರದು; ಅವಕ್ಕೆ ಬೇಕಾದ ಸಕ್ಕರೆಯ ಕುಸುರಿಕೆಲಸ ಅದಕ್ಕೆ ಬಾರದು. ಅಂಥವನ್ನು ಮನುಷ್ಯನ ಜೀವಕೋಶಗಳಲ್ಲೇ ಬೆಳೆಸುತ್ತಾರೆ. ಆಕೆಯ ಕೈಯಲ್ಲಿದ್ದುದು ಅಂಥದೇ. ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಆ ಕೋಶಗಳ ಹೆಸರು ಎಚ್‌ಇಕೆ 293. ಸುಮಾರು 1973ರಲ್ಲಿ, ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ, ಲೋಕವನ್ನು ಕಾಣದೆ ಹೋದ ಒಂದು ಶಿಶುವಿನ ಮೂತ್ರಪಿಂಡದಿಂದ ಮೊದಲಾದ ಸಂತತಿ ಅದು. 293 ಎಂಬುದು ವಿಜ್ಞಾನಿಯ ಪ್ರಯೋಗದ ಕ್ರಮಸಂಖ್ಯೆ. ಸಂಖ್ಯೆ ಉಳಿಯಿತು; ಆ ತಾಯಿ ಯಾರೆಂಬುದು ಉಳಿಯಲಿಲ್ಲ. ಅಂಕಿತ ಮಾತ್ರ ಉಳಿದು ಹೆಸರು ಅಳಿದುಹೋದ ವಚನಕಾರರು ನಮ್ಮಲ್ಲೂ ಇದ್ದಾರೆ. ಆದರೆ ಅವರು ತಾವೇ ಹಾಡಿ ಹೋದವರು.

1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಮಹಿಳೆಯ ಗಂತಿಯಿಂದ ತೆಗೆದ ಕೋಶಗಳ ಕಥೆಯನ್ನು ಓದುಗರಲ್ಲಿ ಹಲವರು ಬಲ್ಲರು. ಆಕೆಯನ್ನು ಯಾರೂ ಕೇಳಲಿಲ್ಲ. ಆಕೆ ಅದೇ ವರ್ಷ ತೀರಿಕೊಂಡಳು. ಹೀಲಾ ಎಂಬ ಹೆಸರಿನಲ್ಲಿ ಆಕೆಯ ಕೋಶಗಳು ಇಂದಿಗೂ ಬೆಳೆಯುತ್ತಿವೆ. ಬಹುಕಾಲ ಜನ ಆಕೆಯ ಹೆಸರನ್ನು ಹೆಲೆನ್ ಲೇನ್ ಎಂದೇ ತಿಳಿದಿದ್ದರು. ಆ ಕೋಶಗಳನ್ನು ಮಾರುತ್ತಿದ್ದ ಒಂದು ದೊಡ್ಡ ಕಂಪನಿ ಆಕೆಯ ವಂಶದವರೊಡನೆ ರಾಜಿಯಾದದ್ದು 2023ರಲ್ಲಿ, 72 ವರ್ಷಗಳ ತರುವಾಯ.

ಇದನ್ನೆಲ್ಲ ಕೇಳುತ್ತಿದ್ದಾಗ ನನಗೆ ಇನ್ನೊಂದು ಕಾಗದ ನೆನಪಾಯಿತು. ಎರಡು ವರ್ಷಗಳ ಹಿಂದೆ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ನನ್ನ ತಾಯಿಯ ಗಂಟಲಿನ ಗಡ್ಡೆಯೊಂದನ್ನು ತೆಗೆದರು. ದೇವರ ದಯೆ, ಅದು ಕೇಡಿನದಾಗಿರಲಿಲ್ಲ. ಅಂದು ನನ್ನ ಮುಂದೆ ಹಿಡಿದ ನಾಲ್ಕೈದು ಹಾಳೆಗಳಲ್ಲಿ ಒಂದು, ತೆಗೆದ ಭಾಗವನ್ನು ಸಂಶೋಧನೆಗೆ ಬಳಸಲು ಒಪ್ಪಿಗೆ. ಓದದೆ ರುಜು ಹಾಕಿದೆ. ತಾಯಿ ಪಕ್ಕದ ಕೋಣೆಯಲ್ಲಿ ಎಚ್ಚರವಾಗಿಯೇ ಇದ್ದಳು. ಎದ್ದು ಹತ್ತು ಹೆಜ್ಜೆ ಹೋಗಿ ಕೇಳಬಹುದಾಗಿತ್ತು. ಆಕೆಗೆ ಏನು ತಿಳಿದೀತೆಂದು ಕೇಳಲಿಲ್ಲ. ವಿದೇಶದ ವೈದ್ಯರನ್ನು ಟೀಕಿಸಲು ಹೊರಟವನ ಜೇಬಿನಲ್ಲೇ ಆ ಲೇಖನಿ ಇತ್ತು.

ವಿಜ್ಞಾನ ವಿಭಾಗದ ನನ್ನ ಮಿತ್ರರು ಹೇಳುತ್ತಾರೆ: "ಸುಟ್ಟುಹಾಕುತ್ತಿದ್ದ ವಸ್ತು ಲಕ್ಷಾಂತರ ಜನರಿಗೆ ಉಪಕಾರವಾಗುವುದಾದರೆ ಕೇಳುವ ಶಾಸ್ತ್ರವೇಕೆ? ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸ ಸಾಗೀತೆ?" ಮಾತಿನಲ್ಲಿ ಸತ್ಯವಿದೆ. ಇನ್ಸುಲಿನ್ನಿಗಾಗಿ ಹಿಂದೆ ಪ್ರಾಣ ಕೊಟ್ಟ ದನಗಳನ್ನು ಕೇಳಿದವರಾರು? ಹೀಲಾ ಕೋಶಗಳಿಂದ ಪೋಲಿಯೋ ಲಸಿಕೆಯ ಪರೀಕ್ಷೆಗೆ ನೆರವಾಯಿತು. ಅದರ ಫಲವನ್ನು ಉಂಡವರಲ್ಲಿ ನಾವೂ ಇದ್ದೇವೆ. ಆದರೆ ಉಪಕಾರ ಎಷ್ಟು ದೊಡ್ಡದೆಂಬುದು ಒಂದು ಪ್ರಶ್ನೆ, ಅದು ದಾನವೋ ಅಪಹರಣವೋ ಎಂಬುದು ಇನ್ನೊಂದು. ಮೊದಲನೆಯದರ ಉತ್ತರದಿಂದ ಎರಡನೆಯದನ್ನು ಮುಚ್ಚಲಾಗದು. ಕೇಳಿದರೆ ಕೊಡಲಾರರೆಂಬ ಭಯ ಬಹುಮಟ್ಟಿಗೆ ಕೇಳುವವನ ಸೋಮಾರಿತನ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳು ತಿಳಿಸಿ ಪಡೆದ ಒಪ್ಪಿಗೆಯನ್ನು ಕೇಳುತ್ತವೆ. ತಿಳಿಸುವ ಕೆಲಸವನ್ನು ಮಾತ್ರ ಹಾಳೆಯೊಂದೇ ಮಾಡಲಾರದು. ಅದಕ್ಕೆ ಒಬ್ಬ ಮನುಷ್ಯ ಬೇಕು. ಅಂದು ಆ ಮನುಷ್ಯ ನಾನಾಗಬೇಕಾಗಿತ್ತು.

ಊರಿಗೆ ಮರಳಿದ ಮೇಲೆ ತಾಯಿಗೆ ಎಲ್ಲವನ್ನೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರಿಗಾರ ಕೆಲಸಕ್ಕ ಬಂತೇನು?" ಎಂದಳು. ನನಗೆ ತಿಳಿಯದೆಂದೆ. "ನನಗ ಕೇಳಿದ್ರ ನಾನ ಕೊಡ್ತಿದ್ನೆಪಾ" ಎಂದಳು.

ಆ ಮಾತಿನಲ್ಲಿ ಕೋಪವಿರಲಿಲ್ಲ. ಆದರೆ ಆಕೆಯ ಕೈಯಿಂದ ಒಂದು ದಾನದ ಪುಣ್ಯ ನನ್ನಿಂದಾಗಿ ತಪ್ಪಿಹೋಯಿತೆಂಬುದು ಸ್ಪಷ್ಟವಾಗಿತ್ತು. ಸಂಜೆಯ ಇನ್ಸುಲಿನ್ನಿಗೆ ಹೊತ್ತಾಗಿತ್ತು. ನಾನು ಗಡಿಗೆಯ ಪಕ್ಕದಿಂದ ಸೀಸೆಯನ್ನು ತರಲು ಎದ್ದೆ.